ಮೇಲಿನ ಬೀದಿಗೆ ಹೊಗೆ

ಮಳೆ ಸುರಿದ ಮಾರನೆಯ ಬೆಳಿಗ್ಗೆ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದ ದೊಡ್ಡ ತೊಟ್ಟಿ ನೀರು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಅದು ಇರಬೇಕಾದದ್ದು ಕಡು ಕಂದು, ಕರಗಿಸಿದ ಚಾಕೊಲೇಟಿನ ಹಾಗೆ. ತೊಟ್ಟಿಗೆ ಅಡ್ಡಲಾಗಿ ಹಾಕಿದ ಕಬ್ಬಿಣದ ಕಾಲುದಾರಿಯ ಮೇಲೆ ಇಬ್ಬರು ನಿಂತು ಕೆಳಗೆ ನೋಡುತ್ತಿದ್ದರು. ಒಬ್ಬಳು ಘಟಕದ ಜೂನಿಯರ್ ಇಂಜಿನಿಯರ್, ಇದೇ ಊರಿನ ಹುಡುಗಿ. ಇನ್ನೊಬ್ಬ ಆಪರೇಟರ್. ದಿನಾ ಬೆಳಿಗ್ಗೆ ಬಂದವನೇ ತೊಟ್ಟಿಯ ಮೇಲೆ ತೇಲುವ ನೊರೆಯನ್ನು ಜಾತಕ ನೋಡುವವನ ಹಾಗೆ ನೋಡುತ್ತಾನೆಂದು ಅವನಿಗೆ ನೊರೆಮಾಮ ಎಂದು ಹೆಸರು ಬಿದ್ದಿತ್ತು.

“ಹೋದ್ರು ಮೇಡಂ,” ಎಂದ ನೊರೆಮಾಮ.

“ಎಷ್ಟು?”

“ಎಷ್ಟು ಅಂತ ಎಣಿಸೋಕೆ ಅವ್ರೇನು ಕುರಿಗಳಾ? ಮುಕ್ಕಾಲು ಮಂದಿ ಹೋದ್ರು ಅಂತಿಟ್ಕೊಳಿ. ಇಷ್ಟೊತ್ತಿಗೆ ನದೀಲಿ ಈಜ್ತಾ ಇರ್ತಾರೆ ನಮ್ ಹುಡುಗ್ರು.”

ನಮ್ಮ ಹುಡುಗರು ಎಂದರೆ ಬ್ಯಾಕ್ಟೀರಿಯಾ. ಘಟಕದಲ್ಲಿ ನಿಜವಾಗಿ ಕೆಲಸ ಮಾಡುವವರು ಅವರು ಮಾತ್ರ, ಉಳಿದವರೆಲ್ಲ ಅವರಿಗೆ ಗಾಳಿ ಹಾಕುವವರು. ಊರಿನ ಬಚ್ಚಲು, ಕಕ್ಕಸು, ಅಡುಗೆಮನೆಗಳಿಂದ ಬಂದ ಕೊಳಚೆ ಈ ತೊಟ್ಟಿಗೆ ಬೀಳುತ್ತದೆ. ತಳದಿಂದ ಯಂತ್ರ ಗಾಳಿ ಊದುತ್ತದೆ. ಗಾಳಿ ಸಿಕ್ಕ ಹುಡುಗರು ಹಬ್ಬದೂಟಕ್ಕೆ ಕೂತವರಂತೆ ಕೊಳಚೆಯನ್ನು ತಿಂದು, ಕೊಬ್ಬಿ, ಪಕ್ಕದ ದುಂಡನೆಯ ತೊಟ್ಟಿಗೆ ಹೋಗಿ ತಳ ಸೇರಿ ಮಲಗುತ್ತಾರೆ. ಮೇಲೆ ಉಳಿದ ತಿಳಿನೀರು ಅಂಚು ದಾಟಿ ನದಿಗೆ ಹೋಗುತ್ತದೆ. ಮಲಗಿದವರನ್ನು ಪಂಪು ಎಬ್ಬಿಸಿ ಮತ್ತೆ ಊಟಕ್ಕೆ ಕರೆತರುತ್ತದೆ. ಇಷ್ಟೇ ವ್ಯವಹಾರ. ಆದರೆ ಒಮ್ಮೆಗೇ ಮೂರು ಪಟ್ಟು ನೀರು ನುಗ್ಗಿದರೆ ಮಲಗಿದವರೂ ತೇಲಿ, ತಿಳಿನೀರಿನ ಜೊತೆಗೇ ಅಂಚು ದಾಟಿಬಿಡುತ್ತಾರೆ. ಹೊಸಬರು ಹುಟ್ಟಿ ಬೆಳೆಯುವವರೆಗೆ ಊರಿನ ಕೊಳಚೆ ಹೆಚ್ಚುಕಡಿಮೆ ಹಾಗೆಯೇ ನದಿ ಸೇರುತ್ತದೆ.

ಮಳೆ ನೀರು ಇಲ್ಲಿಗೆ ಬರಲೇಬಾರದು. ಅದಕ್ಕೆ ರಸ್ತೆ ಬದಿಯಲ್ಲಿ ಬೇರೆಯೇ ಚರಂಡಿ ಇದೆ. ಆದರೂ ಬರುತ್ತಿತ್ತು.

“ಯಾರದ್ದೋ ತಾರಸಿ ನೀರು ನಮ್ಮ ಲೈನಿಗೆ ಬೀಳ್ತಾ ಇದೆ,” ಎಂದಳು ಇಂಜಿನಿಯರ್.

“ಯಾರದ್ದೋ ಅಲ್ಲ ಮೇಡಂ, ಯಾರ್ಯಾರದ್ದೋ. ಒಂದು ಮನೆ ನೀರಿಗೆ ನಮ್ ಹುಡುಗ್ರು ಅಲ್ಲಾಡೋರಲ್ಲ.”

ಅದೇ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ ಅವಳ ಅಪ್ಪ ತನ್ನ ತಂಗಿಯ ಬಚ್ಚಲಲ್ಲಿ ಮೊಣಕಾಲೂರಿ ಕೂತು, ನೀರು ಹೋಗುವ ಕಂಡಿಯೊಳಗೆ ಉದ್ದನೆಯ ಕಂಬಿ ತೂರಿಸುತ್ತಿದ್ದ. ಅವನು ಪ್ಲಂಬರ್. ಊರಿಗೆ ಒಳಚರಂಡಿ ಬಂದ ಕಾಲದಿಂದ ಮನೆಮನೆಗೂ ಪೈಪು ಜೋಡಿಸಿದವನು, ಎಲ್ಲರ ಬಾಯಲ್ಲೂ ಪೈಪ್ ಮೇಸ್ತ್ರಿ. ತಂಗಿ ದರ್ಜಿ. ಕೆಳಗಿನ ಬೀದಿಯ ಕಟ್ಟಕಡೆಯ ಮನೆ ಅವಳದು. ಮುಂದಿನ ಕೋಣೆಯೇ ಅಂಗಡಿ: ಕಿಟಕಿ ಪಕ್ಕ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಮೇಜು, ಗೋಡೆ ತುಂಬ ಮೊಳೆಗೆ ನೇತುಹಾಕಿದ ಅರ್ಧ ಹೊಲಿದ ಅಂಗಿಗಳು. ಗಂಡ ಹೋದ ಮೇಲೆ ಅವಳ ಮನೆ ನಡೆದದ್ದು ಆ ಕೋಣೆಯಿಂದ.

ಜೋರು ಮಳೆ ಬಂದರೆ ಆ ಮನೆಯ ಬಚ್ಚಲು ತಿರುಗಿಬೀಳುತ್ತಿತ್ತು. ಹೊರಗೆ ಹೋಗಬೇಕಾದ ನೀರು ಕಂಡಿಯಿಂದ ಮೇಲೆ ಉಕ್ಕಿ, ಹೊಸ್ತಿಲು ದಾಟಿ, ಊರಿನ ಹೊಲಸನ್ನೆಲ್ಲ ಹೊತ್ತು ಅಂಗಡಿಗೆ ಬರುತ್ತಿತ್ತು. ಈ ಸಲ ನೆಲದ ಮೇಲೆ ಶಾಲೆಯ ಸಮವಸ್ತ್ರದ ಕಟ್ಟುಗಳಿದ್ದವು. ಎಲ್ಲವೂ ನೆಂದಿದ್ದವು. ಈಗ ಹಿತ್ತಲಿನ ಹಗ್ಗದ ಮೇಲೆ ಒಗೆದು ಹಾಕಿದ್ದಳು.

“ಏನಾದ್ರೂ ಸಿಕ್ತಾ ಅಣ್ಣಾ?”

“ಇರೇ.”

“ಬಟ್ಟೆ ಚೂರಾ?”

ಮೇಸ್ತ್ರಿ ಕಂಬಿ ಹೊರಗೆಳೆದ. ತುದಿಯಲ್ಲಿ ಕೂದಲು, ಸೋಪಿನ ಜಿಡ್ಡು. ಬಟ್ಟೆಯ ಸುಳಿವಿಲ್ಲ.

“ಒಳಗೆಲ್ಲೋ ಕಟ್ಕೊಂಡಿರ್ಬೇಕು,” ಎಂದ.

“ಒಂದು ದಾರಾನೂ ಬಿಟ್ಟಿಲ್ಲ ಕಣೋ. ಬೇಕಾದ್ರೆ ಕಸದ ಡಬ್ಬ ನೋಡು. ಗುಂಡಿ ಕಚ್ಚಿದ ದಾರಾನೂ ಬಾಯಿಂದ ತೆಗೆದು ಡಬ್ಬಕ್ಕೇ ಹಾಕ್ತೀನಿ.”

“ಇರ್ಲಿ ಬಿಡು. ಕಣ್ ತಪ್ಪಿ ಹೋಗಿರುತ್ತೆ.”

ಎಷ್ಟೋ ವರ್ಷದ ಹಿಂದೆ, ಮೊದಲ ಸಲ ನೀರು ಉಕ್ಕಿದಾಗ, ಕಂಬಿಗೆ ನಿಜಕ್ಕೂ ಒಂದು ಬಟ್ಟೆ ಉಂಡೆ ಸಿಕ್ಕಿತ್ತು. ನಿನ್ನ ಬಟ್ಟೆ ಚೂರೇ ಪೈಪು ಕಟ್ಟಿಸಿದೆ ಎಂದು ಅಂದು ಅವನು ಹೇಳಿದ್ದನ್ನು ಅವಳು ನಂಬಿದಳು, ಅವನೂ ನಂಬಿದ್ದ. ಮುಂದಿನ ಸಲ ಉಂಡೆ ಸಿಗಲಿಲ್ಲ, ಮಾತು ಮಾತ್ರ ಉಳಿಯಿತು. ಅದರ ಮುಂದಿನ ಸಲದ ಹೊತ್ತಿಗೆ ಮೇಸ್ತ್ರಿಗೆ ಕಾರಣ ಹೊಳೆದಿತ್ತು. ಹೊಳೆದದ್ದನ್ನು ಅವನು ಬಾಯಿಬಿಡಲಿಲ್ಲ.

“ದೊಡ್ಡ ಟೀಚರ್ ಬಂದಿದ್ರು,” ಎಂದಳು ತಂಗಿ. “ಮುಖ ಗಂಟು ಹಾಕ್ಕೊಂಡು ನಿಂತಿದ್ರು ಬಾಗಿಲಲ್ಲೇ, ಒಳಗೆ ಕಾಲಿಡ್ಲಿಲ್ಲ. ಮಕ್ಕಳು ಹಾಕ್ಕೊಳ್ಳೋ ಬಟ್ಟೆ ಕಣಮ್ಮ, ಇನ್ನೊಂದ್ ಸಲ ಹಿಂಗಾದ್ರೆ ಬೇರೆಯವ್ರಿಗೆ ಕೊಡ್ತೀವಿ ಅಂದ್ರು. ಅವ್ರ ತಪ್ಪೇನಿದೆ? ನಾನಾದ್ರೂ ಅದನ್ನೇ ಅಂತಿದ್ದೆ.”

“ಕೊಡ್ಲಿ ಬಿಡು, ಬೇರೆ ಹೊಲಿಗೆ ಇಲ್ವಾ?”

“ಏನಿದೆ? ಅರ್ಧ ಊರು ರೆಡಿಮೇಡ್ ಹಾಕುತ್ತೆ, ಇನ್ನರ್ಧ ಉದ್ದ ಕಮ್ಮಿ ಮಾಡಿಸೋಕೆ ಬರುತ್ತೆ. ಶಾಲೆ ಹೋದ್ರೆ ಅಂಗಡಿ ಬಾಗಿಲು ಹಾಕೋದೇ.” ಅವಳು ಹೇಳಿದ್ದು ಅಳುತ್ತಲ್ಲ, ಅಳತೆ ಹೇಳುವವಳ ಹಾಗೆ.

ಸಂಜೆ ಮೇಸ್ತ್ರಿಯ ಮಗಳು ಘಟಕದಿಂದ ಮನೆಗೆ ಬಂದು, ಊಟಕ್ಕೆ ಕೂತು, ಹೊಸ ಸುದ್ದಿ ಹೇಳಿದಳು. ಪುರಸಭೆ ಒಪ್ಪಿದೆ, ಮುಂದಿನ ವಾರ ಮೇಲಿನ ಬೀದಿಗೆ ಹೊಗೆ ಬಿಡುತ್ತೇವೆ. ಅವರ ಮನೆ ಇದ್ದದ್ದೂ ಮೇಲಿನ ಬೀದಿಯಲ್ಲೇ.

“ಸೊಳ್ಳೆಗಾ?” ಎಂದಳು ಅಮ್ಮ.

“ಸೊಳ್ಳೆಗಲ್ಲಮ್ಮ, ಪೈಪಿಗೆ. ಮ್ಯಾನ್‌ಹೋಲಿಗೆ ಫ್ಯಾನ್ ಕೂರಿಸಿ ಒಳಗೆ ಹೊಗೆ ಊದೋದು. ಲೈನಿಗೆ ಯಾವ್ಯಾವ ಪೈಪ್ ಸೇರಿದೆಯೋ ಅಲ್ಲೆಲ್ಲ ಹೊಗೆ ಮೇಲೆ ಬರುತ್ತೆ. ಕದ್ದು ಸೇರಿಸಿರೋರ ತಾರಸಿ ಮೇಲೆ ಹೊಗೆ ಏಳುತ್ತೆ. ಬೀದೀಲಿ ನಿಂತ್ಕೊಂಡು ನೋಡಿದ್ರೆ ಸಾಕು. ಸಕತ್ ಐಡಿಯಾ ಅಲ್ವಾ?”

ಮೇಸ್ತ್ರಿ ತುತ್ತು ನುಂಗಿದ. “ಕಕ್ಕಸಿನ ವಾಸನೆ ಹೋಗೋ ಗಾಳಿ ಪೈಪಲ್ಲೂ ಬರುತ್ತಲ್ಲ ಹೊಗೆ? ಅದಕ್ಕೇನ್ ಮಾಡ್ತೀರಿ?”

“ಗಾಳಿ ಪೈಪಲ್ಲಿ ಬಂದ್ರೆ ಸರೀನೇ, ಅದು ಬರ್ಬೇಕು. ಮಳೆನೀರಿನ ಪೈಪಲ್ಲಿ ಬಂದ್ರೆ ಸಿಕ್ಕಿಬಿದ್ರು ಅಂತ.”

“ಓಹೋ.”

“ಅಪ್ಪನ್ನೇ ಕೇಳಿದ್ರೆ ಆಗ್ತಿತ್ತಲ್ಲ,” ಎಂದಳು ಅಮ್ಮ, ಸಾರು ಬಡಿಸುತ್ತ. “ಊರಿಗೆಲ್ಲ ಜೋಡಿಸಿದ್ದು ಅವ್ರೇ ತಾನೆ.”

“ಕೇಳ್ತಾ ಇದೀನಲ್ಲ. ಅಪ್ಪಾ, ಯಾರ ಮನೇದಾದ್ರೂ ಗೊತ್ತಾ ನಿಂಗೆ? ಈ ನೀರು ತಪ್ಪಿದ್ರೆ ಅತ್ತೆ ಮನೆಗೆ ನುಗ್ಗೋದೂ ನಿಲ್ಲುತ್ತೆ. ಕೆಳಗಿನ ಬೀದೀಲಿ ಲೈನ್ ತುಂಬಿ, ಹೋಗೋಕೆ ಜಾಗ ಇಲ್ದೆ, ಅವ್ರ ಬಚ್ಚಲಲ್ಲಿ ಏಳ್ತಾ ಇರೋದು ಇದೇ ನೀರು.”

“ಹಳೇದೆಲ್ಲ ಎಲ್ಲಿ ನೆನಪಿರುತ್ತೆ,” ಎಂದು ಮೇಸ್ತ್ರಿ ಕೈತೊಳೆಯಲು ಎದ್ದ.

ನೆನಪಿಲ್ಲದ್ದು ಏನೂ ಇರಲಿಲ್ಲ. ಮೇಲಿನ ಬೀದಿಯ ಮನೆಗಳಲ್ಲಿ ಮಳೆನೀರಿನ ಪೈಪು ಇಳಿಯುವುದು ಹಿಂಬದಿಯಲ್ಲಿ. ಅದನ್ನು ರಸ್ತೆಯ ಚರಂಡಿಗೆ ಮುಟ್ಟಿಸಲು ಅಂಗಳ ಪೂರ್ತಿ ಅಗೆಯಬೇಕು, ಹಾಕಿದ ಸಿಮೆಂಟು ಒಡೆಯಬೇಕು. ಕೊಳಚೆ ಹೋಗುವ ಗುಂಡಿ, ಚೇಂಬರ್ ಮಾತ್ರ ಅಲ್ಲೇ, ಪೈಪಿನ ಬುಡದಲ್ಲೇ. ಒಂದು ಬಾಗಿದ ತುಂಡು ಸಿಕ್ಕಿಸಿದರೆ ಮುಗಿಯಿತು. ಮೊದಲು ಔಷಧಿ ಅಂಗಡಿಯವರು ಕೇಳಿದರು. ಒಂದು ಮನೆಯ ನೀರು ಯಾವ ಲೆಕ್ಕ ಎಂದು ಅವನು ಸಿಕ್ಕಿಸಿದ. ಅವರದನ್ನು ನೋಡಿ ಪಕ್ಕದವರು, ಪಕ್ಕದವರದನ್ನು ನೋಡಿ ಎದುರಿನವರು. ಏನೂ ಆಗುವುದಿಲ್ಲ ಎಂದು ಅವನು ಪ್ರತಿ ಮನೆಯಲ್ಲೂ ಹೇಳಿದ್ದ. ಒಂದೊಂದು ಮನೆಯ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ.

ಎರಡು ದಿನ ಬಿಟ್ಟು ಪುರಸಭೆಯ ವ್ಯಾನು ಮೈಕು ಕಟ್ಟಿಕೊಂಡು ಬೀದಿ ಸುತ್ತಿತು. ಹೊಗೆ ಬಂದರೆ ಯಾರೂ ಗಾಬರಿಯಾಗಬಾರದು, ಬಚ್ಚಲಿನ ಕಂಡಿಗಳಿಗೆ ಒಂದೊಂದು ಚೊಂಬು ನೀರು ಹಾಕಿಟ್ಟುಕೊಂಡರೆ ಹೊಗೆ ಮನೆಯೊಳಗೆ ಬರುವುದಿಲ್ಲ, ತಾರಸಿ ನೀರನ್ನು ಒಳಚರಂಡಿಗೆ ಬಿಟ್ಟವರನ್ನು ಪತ್ತೆ ಮಾಡಲಾಗುವುದು. ಕೊನೆಯ ಮಾತು ಮುಗಿಯುವ ಮೊದಲೇ ಔಷಧಿ ಅಂಗಡಿಯವರು ಮೇಸ್ತ್ರಿಯ ಬಾಗಿಲಲ್ಲಿದ್ದರು.

“ಮೇಸ್ತ್ರೀ, ನಮ್ಮನೇದು ನೆನಪಿದೆಯಲ್ಲ?”

“ಇದೆ.”

“ಹಾಗಾದ್ರೆ ಏನಾದ್ರೂ ಮಾಡು ಮಾರಾಯ. ಔಷಧಿ ಅಂಗಡಿಯವನ ಮನೆ ಮೇಲೆ ಹೊಗೆ ಎದ್ರೆ ಜನ ಏನ್ ಅಂತಾರೆ?”

ಅವರು ಹೋದ ಬೆನ್ನಿಗೇ ಬೇಕರಿಯವಳು ಬಂದಳು. ಆಮೇಲೆ ನಿವೃತ್ತ ಹೆಡ್‌ಮೇಷ್ಟ್ರು ಬಂದು, ಕುರ್ಚಿಯಲ್ಲಿ ಕೂರದೆ ನಿಂತೇ ಮಾತಾಡಿದರು.

“ನೋಡಪ್ಪ, ನಿಯಮ ಮುರಿಯೋದು ನನ್ನ ಜಾಯಮಾನದಲ್ಲೇ ಇಲ್ಲ. ಏನೂ ಆಗಲ್ಲ ಸಾರ್ ಅಂದಿದ್ದು ನೀನು. ಹೌದೋ ಅಲ್ವೋ?”

“ಹೌದು ಸಾರ್.”

“ಈಗ ಆಗ್ತಾ ಇದೆಯಲ್ಲ!”

ಮೇಸ್ತ್ರಿ ಅಟ್ಟದಿಂದ ಹಳೆಯ ಗೋಣಿಚೀಲಗಳನ್ನು ಇಳಿಸಿದ. ನೀರಲ್ಲಿ ನೆನೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಿಗಿಯಾದ ಉಂಡೆ ಮಾಡಿ, ಹಗಲು ಹೊತ್ತಲ್ಲೇ ಏಣಿ ಹೊತ್ತು ಮನೆಯಿಂದ ಮನೆಗೆ ಹೋದ. ತಾರಸಿಯ ಮೂಲೆಯಲ್ಲಿ ಪೈಪಿನ ಬಾಯಿಗೆ ಉಂಡೆ ತುರುಕಿ, ಸುತ್ತ ಜೇಡಿಮಣ್ಣು ಮೆತ್ತಿದ. ಕೇಳಿದವರಿಗೆ ತಾರಸಿ ಸೋರುತ್ತಿದೆ, ನೋಡುತ್ತಿದ್ದೇನೆ ಎಂದ. ಪ್ಲಂಬರನ ಕೈಯಲ್ಲಿ ಏಣಿ ಕಂಡರೆ ಯಾರೂ ಎರಡನೆಯ ಸಲ ಕೇಳುವುದಿಲ್ಲ.

ಅವನದೂ ಒಂದು ಯೋಚನೆ ಇತ್ತು. ಹೊಗೆಯ ಗಲಾಟೆ ಮುಗಿಯಲಿ, ಆಮೇಲೆ ಒಂದೊಂದೇ ಮನೆಯದನ್ನು ಸದ್ದಿಲ್ಲದೆ ರಸ್ತೆ ಚರಂಡಿಗೆ ತಿರುಗಿಸಿಬಿಡೋಣ. ತಂಗಿಯ ಮನೆಗೆ ನೀರೂ ಬರುವುದಿಲ್ಲ, ತಂಗಿಗೆ ಗೊತ್ತೂ ಆಗುವುದಿಲ್ಲ. ಈ ಯೋಚನೆ ಅವನಿಗೆ ಹಿಂದೆಯೂ ಬಂದಿತ್ತು, ಪ್ರತಿ ವರ್ಷ, ಮಳೆ ನಿಂತ ಮೇಲೆ.

ಪರೀಕ್ಷೆಯ ದಿನ ಬಿಸಿಲು ಚೆನ್ನಾಗಿತ್ತು. ಮೇಲಿನ ಬೀದಿಯ ನಡುವಿನ ಮ್ಯಾನ್‌ಹೋಲಿನ ಮುಚ್ಚಳ ತೆಗೆದು ಅದರ ಬಾಯಿಗೆ ಫ್ಯಾನು ಕೂರಿಸಿ, ಪಕ್ಕಕ್ಕೆ ಹೊಗೆಯುಗುಳುವ ಡಬ್ಬ ಸಿಕ್ಕಿಸಿದರು. ನೊರೆಮಾಮ ಕೆಂಪು ಬಣ್ಣದ ಡಬ್ಬ, ಬ್ರಶ್ ಹಿಡಿದು ಸಿದ್ಧನಾದ. ಸಿಕ್ಕಿಬಿದ್ದ ಮನೆಯ ಗೇಟಿಗೆ ಒಂದು ಗೆರೆ ಎಳೆಯುವುದು ಅವನ ಕೆಲಸ. ಬೀದಿಯವರೆಲ್ಲ ಮದುವೆ ಮೆರವಣಿಗೆ ನೋಡುವವರಂತೆ ಗೇಟಿಗೆ ಬಂದು ನಿಂತರು. ಕೆಳಗಿನ ಬೀದಿಯಿಂದ ದರ್ಜಿ ಅತ್ತೆಯೂ ಬಂದಿದ್ದಳು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

“ನೀವ್ಯಾಕೆ ಬಂದ್ರಿ ಅತ್ತೆ, ಕೆಲಸ ಬಿಟ್ಟು?”

“ನನ್ ಮನೆಗೆ ಯಾರ್ ನೀರು ಬರ್ತಿದೆ ಅಂತ ಮುಖ ನೋಡ್ಬೇಡ್ವೇನೇ? ಬಟ್ಟೆ ಚೂರು ಅಂತಾನೆ ನಿಮ್ಮಪ್ಪ. ನೀನು ತಾರಸಿ ನೀರು ಅಂತೀಯ. ಯಾರು ಸರಿ ಅಂತ ನೋಡೋಣ.”

ಮೇಸ್ತ್ರಿ ಎದುರು ಬದಿಯ ಕಾಂಪೌಂಡಿಗೆ ಒರಗಿ ನಿಂತಿದ್ದ. ಅವನಿಗೆ ಇದು ಕೇಳಿಸಿತು.

ಫ್ಯಾನು ಹೂಂಗುಟ್ಟಿತು. ಬಿಳಿ ಹೊಗೆ ನೆಲದೊಳಗೆ ಇಳಿದು ಕಣ್ಮರೆಯಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದೊಂದೇ ಮನೆಯ ಗಾಳಿ ಪೈಪಿನ ತುದಿಯಲ್ಲಿ ಬಿಳಿ ಎಳೆ ಎದ್ದಿತು, ಬೀದಿ ಪೂರ್ತಿ ಒಟ್ಟಿಗೆ ಬೀಡಿ ಹಚ್ಚಿದ ಹಾಗೆ. ಹೆಡ್‌ಮೇಷ್ಟ್ರ ಮನೆಯೊಳಗಿಂದ ಅವರ ಹೆಂಡತಿ ಕೆಮ್ಮುತ್ತ ಹೊರಗೆ ಓಡಿಬಂದರು.

“ಚೊಂಬು ನೀರು ಹಾಕಿ ಅಂದಿದ್ರಲ್ಲಮ್ಮ ಮೈಕಲ್ಲಿ!” ಎಂದ ನೊರೆಮಾಮ.

“ಇವ್ರು ಹಾಕ್ತೀನಿ ಅಂದ್ರಪ್ಪ. ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಹೇಳಿಕೊಟ್ಟೋರು!”

ಜನ ನಕ್ಕರು. ಇಂಜಿನಿಯರ್ ನಗಲಿಲ್ಲ. ಅವಳ ಕಣ್ಣು ತಾರಸಿಗಳ ಮೂಲೆಗಳ ಮೇಲಿತ್ತು. ಔಷಧಿ ಅಂಗಡಿಯವರದು, ಇಲ್ಲ. ಬೇಕರಿಯವಳದು, ಇಲ್ಲ. ಮೇಷ್ಟ್ರದು, ಇಲ್ಲ. ಹೊಗೆ ಗಾಳಿ ಪೈಪಲ್ಲಿ ಮಾತ್ರ, ಪುಸ್ತಕದಲ್ಲಿ ಚಿತ್ರ ಬರೆದ ಹಾಗೆ.

“ಏನ್ ಮೇಡಂ ಇದು,” ಎಂದ ನೊರೆಮಾಮ, ಒಣ ಬ್ರಶ್ಶನ್ನು ತಿರುಗಿಸುತ್ತ. “ಮೇಲಿನ ಬೀದೀಲಿ ಬರೀ ಸಂತರೇ ಇದಾರಲ್ಲ.”

ಆಗ ಬೀದಿಯ ತಿರುವಿನಲ್ಲಿ, ಒಂದು ಮನೆಯ ತಾರಸಿಯ ಮೂಲೆಯಿಂದ ದಪ್ಪ ಹೊಗೆ ಎದ್ದಿತು. ಎದ್ದದ್ದು ನಿಲ್ಲಲಿಲ್ಲ. ಪೈಪಿನ ನಡುವಿನ ಬಿರುಕಿನಿಂದಲೂ ಹೊರಟು ಅಡುಗೆಮನೆಯ ಕಿಟಕಿಗೆ ನುಗ್ಗಿತು. ಎಲ್ಲರೂ ಅತ್ತ ತಿರುಗಿದರು, ಆಮೇಲೆ ಇಂಜಿನಿಯರ್ ಮುಖ ನೋಡಿದರು. ಅದು ಅವಳ ಮನೆ.

ಬಾಗಿಲು ಧಡಾರನೆ ತೆರೆಯಿತು. ಸೌಟು ಹಿಡಿದುಕೊಂಡೇ ಅಮ್ಮ ಹೊರಗೆ ಬಂದಳು, ಕಣ್ಣಲ್ಲಿ ನೀರು. ಬೀದಿಯಲ್ಲಿ ಇಷ್ಟು ಜನ ನಿಂತದ್ದು ಅವಳಿಗೆ ಕಂಡಿತೋ ಇಲ್ಲವೋ, ಕಂಡದ್ದು ಗಂಡ ಒಬ್ಬನೇ.

“ರೀ! ಊರಿನೋರ್ದೆಲ್ಲ ಮುಚ್ಚಿ ಬಂದ್ರಿ, ನಮ್ಮನೇದು ಮರ್ತೇ ಬಿಟ್ರಾ? ಸಿಂಕಿನ ನಲ್ಲಿ ಸೋರ್ತಿದೆ ಅಂತ ವರ್ಷದಿಂದ ಬಡ್ಕೊಂಡೆ, ಅದೂ ಮರ್ತ್ರಿ. ಇದೂ ಮರ್ತ್ರಿ!”

ಔಷಧಿ ಅಂಗಡಿಯವರು ಚಪ್ಪಲಿ ನೋಡಿಕೊಂಡರು. ಬೇಕರಿಯವಳು ಹಿಟ್ಟು ನಾದಬೇಕು ಎಂದು ಯಾರಿಗೋ ಹೇಳಿ ಒಳಗೆ ಹೋದಳು. ಹೇಳಬಾರದ್ದು ಹೇಳಿದೆ ಎಂದು ಅಮ್ಮನಿಗೆ ಹೊಳೆದದ್ದು ಆಗ. ಸೌಟನ್ನು ಸೆರಗಿನ ಹಿಂದೆ ಇಟ್ಟುಕೊಂಡಳು.

ಮಗಳು ಅಪ್ಪನ ಕಡೆ ನೋಡಲಿಲ್ಲ. “ಮಾಮಾ, ಬಣ್ಣ ಹಾಕಿ. ನಮ್ಮನೆ ಗೇಟಿಗೆ,” ಎಂದಳು. ನೊರೆಮಾಮ ಕದಲಲಿಲ್ಲ. “ಹಾಕಿ ಅಂದ್ನಲ್ಲ.” ಅವನು ಹೋಗಿ ಗೆರೆ ಎಳೆದ, ಆದಷ್ಟು ಚಿಕ್ಕದಾಗಿ.

ದರ್ಜಿ ಬೀದಿ ದಾಟಿ ಅಣ್ಣನ ಎದುರು ನಿಂತಳು.

“ಏನ್ ಮುಚ್ಚಿ ಬಂದೆ?”

“ಗೋಣಿಚೀಲ ಕಣೇ. ನೆನೆಸಿ...”

“ಯಾವ್ದ್ರಲ್ಲಿ ಮುಚ್ಚಿದೆ ಅಂತ ಕೇಳ್ಲಿಲ್ಲ. ಏನನ್ನ ಮುಚ್ಚಿದೆ?”

“ತಾರಸಿ ಪೈಪು.”

“ಎಷ್ಟು ಮನೇದು?”

ಮೇಸ್ತ್ರಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಉತ್ತರ ಅಲ್ಲೇ ಇತ್ತು.

“ಸೇರಿಸಿದ್ದು ನೀನೇನಾ?”

“ಹೂಂ.”

“ಹಾಗಾದ್ರೆ ನನ್ ಬಟ್ಟೆ ಚೂರು?”

“ಮೊದಲ್ನೇ ಸಲ ಇತ್ತು ಕಣೇ. ನಿನ್ ಕಣ್ಣೆದುರಿಗೇ ತೆಗ್ದೆ. ನಿಜವಾಗ್ಲೂ ಇತ್ತು.”

“ಆಮೇಲೆ?”

ಮೇಸ್ತ್ರಿ ಒರಗಿದ್ದ ಕಾಂಪೌಂಡು ಬಿಟ್ಟು ನೆಟ್ಟಗೆ ನಿಂತ.

“ಅಂಗಡಿಗೆ ಬಂದ ಮಕ್ಕಳನ್ನ ನಾನು ಬಚ್ಚಲಿಗೆ ಬಿಟ್ಟಿಲ್ಲ ಅಣ್ಣಾ. ಎಲ್ಲಾದ್ರೂ ದಾರ ಬೀಳಿಸಿ ಹೋಗ್ತಾವೆ ಅಂತ. ಆ ಟೀಚರ್ ಮುಂದೆ ಕೈಮುಗಿದು ನಿಂತೆ, ನಂದೇ ತಪ್ಪು, ಇನ್ಮೇಲೆ ಹುಷಾರಾಗಿರ್ತೀನಿ ಅಂತ. ನನ್ ಬಾಯಿಂದ ಅನ್ನಿಸ್ದೆ ಅದನ್ನ.” ಧ್ವನಿ ಏರಿರಲಿಲ್ಲ. “ನೀನು ನನ್ ಬಚ್ಚಲಲ್ಲಿ ಕೂತು ಕಂಬಿ ಆಡಿಸ್ವಾಗ ನಾನು ಕಾಫಿ ಮಾಡಿ ಕೊಡ್ತಿದ್ದೆ.”

ಹೊಗೆಯ ಡಬ್ಬ ಖಾಲಿಯಾಗುತ್ತ ಬಂದಿತ್ತು. ನೊರೆಮಾಮ ಫ್ಯಾನು ನಿಲ್ಲಿಸಲು ಬಗ್ಗಿದ.

“ನಿಲ್ಲಿಸ್ಬೇಡ,” ಎಂದ ಮೇಸ್ತ್ರಿ. “ಇನ್ನೊಂದು ಡಬ್ಬ ಹಾಕು.”

ಅವನು ಮನೆಯ ಪಕ್ಕದ ಸಂದಿಯಿಂದ ಏಣಿ ಎಳೆದು ತಂದ. ನೇರ ಔಷಧಿ ಅಂಗಡಿಯವರ ಗೇಟು ದೂಡಿ ಒಳಗೆ ಹೋಗಿ, ಗೋಡೆಗೆ ಏಣಿ ಒರಗಿಸಿದ. ಔಷಧಿ ಅಂಗಡಿಯವರು ಹಿಂದೆಯೇ ಓಡಿದರು.

“ಏ ಮೇಸ್ತ್ರೀ, ಏನ್ ಮಾಡ್ತಿದೀಯ? ತಲೆ ಕೆಟ್ಟಿದೆಯಾ?”

“ಸಾರ್, ಪಕ್ಕಕ್ಕೆ ಬನ್ನಿ. ಮಣ್ಣು ಉದುರುತ್ತೆ.”

ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ಏಣಿ ಜಾರಿತು. ನೆಲ ನುಣುಪಾದ ಕಲ್ಲಿನದು. ದರ್ಜಿ ಬಂದು ಎರಡೂ ಕೈಯಲ್ಲಿ ಏಣಿಯ ಬುಡ ಹಿಡಿದಳು.

“ಬಿಡೇ, ನಾನು ಹತ್ತುತೀನಿ.”

“ಹತ್ತು. ಬಿದ್ದು ಗಿದ್ದು ತಪ್ಪಿಸ್ಕೋಬೇಡ. ಎಲ್ಲಾ ಮನೇದೂ ಕೀಳೋವರ್ಗೂ ನೀನು ಬೀಳೋ ಹಾಗಿಲ್ಲ.”

ತಾರಸಿಯ ಮೂಲೆಯಲ್ಲಿ ಅವನು ಬಗ್ಗಿ ಉಂಡೆ ಹಿಡಿದು ಎಳೆದ. ಒದ್ದೆ ಗೋಣಿ ಪಚಕ್ಕೆಂದು ಕಳಚಿಕೊಂಡಿತು, ಹಿಂದೆಯೇ ಹೊಗೆ ಅವನ ಮುಖಕ್ಕೆ ಹೊಡೆಯಿತು. ಕೆಳಗೆ ಬೀದಿಯಲ್ಲಿ ಯಾರೋ ಸಿಳ್ಳೆ ಹಾಕಿದರು. ನೊರೆಮಾಮ ಗೇಟಿಗೆ ಗೆರೆ ಎಳೆದ, ಈ ಸಲ ಉದ್ದವಾಗಿ.

ಹೀಗೆ ಒಂದಾದ ಮೇಲೊಂದು. ಅಣ್ಣ ಏಣಿ ಹೊತ್ತು ಮುಂದೆ, ತಂಗಿ ಹಿಂದೆ. ಮನೆಯವರ ಬೈಗುಳವನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಕರಿಯವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, “ನಾನು ಕೇಳಿದ್ದು ಮುಚ್ಚು ಅಂತ, ತೆಗಿ ಅಂತಲ್ಲ!” ಎಂದು ಕೂಗಿದಳು. ಬೀದಿಯಲ್ಲಿ ಹೊಗೆ ಹೆಚ್ಚುತ್ತ ಹೋಗಿ, ದಾರಿಹೋಕನೊಬ್ಬ ಬೆಂಕಿ ಬಿದ್ದಿದೆ ಎಂದು ಅಗ್ನಿಶಾಮಕದವರಿಗೆ ಫೋನು ಮಾಡಿದ.

ಹೆಡ್‌ಮೇಷ್ಟ್ರು ಮಾತ್ರ ಗೇಟಿಗೆ ಚಿಲಕ ಹಾಕಿಕೊಂಡು ಅದರ ಹಿಂದೆ ಕಲ್ಲಿನಂತೆ ನಿಂತಿದ್ದರು. “ನನ್ನ ಅನುಮತಿ ಇಲ್ಲದೆ ಕಾಂಪೌಂಡಿನೊಳಗೆ ಬರೋ ಹಾಗಿಲ್ಲ. ಇದು ನಿಯಮ.”

ಮೇಸ್ತ್ರಿ ಏಣಿ ಇಳಿಸಿ ನಿಂತ. ಮಾತಾಡಿದ್ದು ತಂಗಿ.

“ಮೇಷ್ಟ್ರೇ, ನಿಮ್ಮ ಮೊಮ್ಮಗನ ಯೂನಿಫಾರಂ ನನ್ ಹತ್ರಾನೇ ಇದೆ. ನಿಮ್ಮನೆ ನೀರಲ್ಲೇ ನೆಂದಿದ್ದು ಅಂತ ಈಗ ಗೊತ್ತಾಯ್ತು. ಮೂರು ಸಲ ಒಗ್ದಿದೀನಿ. ಇನ್ನೊಂದ್ ಸಲ ಒಗೀಲಾ, ಹಾಗೇ ಕೊಡ್ಲಾ?”

ಮೇಷ್ಟ್ರ ಹೆಂಡತಿ ಕೆಮ್ಮುತ್ತಲೇ ಬಂದು ಗಂಡನನ್ನು ಪಕ್ಕಕ್ಕೆ ಸರಿಸಿ ಚಿಲಕ ತೆಗೆದರು.

ಆ ದಿನದ ನಂತರ ಪುರಸಭೆ ಎಲ್ಲರಿಗೂ ಗಡುವು ಕೊಟ್ಟಿತು: ತಾರಸಿ ನೀರನ್ನು ರಸ್ತೆ ಚರಂಡಿಗೆ ತಿರುಗಿಸಬೇಕು. ಮೇಸ್ತ್ರಿ ಮೊದಲು ತನ್ನ ಮನೆಯ ಅಂಗಳ ಅಗೆದ. ಮಗಳು ಕೆಲಸಕ್ಕೆ ಹೋಗುವಾಗ ಗುಂಡಿ ದಾಟಿ ಹೋಗುತ್ತಿದ್ದಳು. ಅಪ್ಪನ ಜೊತೆ ಊಟ, ಟವೆಲು, ಬಾಗಿಲು ಹಾಕಿಕೋ ಎಂಬಷ್ಟಕ್ಕೇ ಮಾತು ನಿಂತಿತ್ತು. ಒಂದು ದಿನ ಅವಳೇ ಗುಂಡಿಯ ಅಂಚಲ್ಲಿ ಕೂತು, “ಇಳಿಜಾರು ಸಾಲ್ದು ಅಪ್ಪಾ, ಇಲ್ಲಿ ನೀರು ನಿಲ್ಲುತ್ತೆ,” ಎಂದಳು. ಅವನು ಪೈಪು ಎತ್ತಿ ಮತ್ತೆ ಮಣ್ಣು ಕೆರೆದ.

ಬೀದಿಯವರಲ್ಲಿ ಕೆಲವರು ಸಿಟ್ಟಿಗೆ ಬೇರೆ ಊರಿನ ಪ್ಲಂಬರನ್ನು ಕರೆಸಿದರು. ಅವನು ನೆಲದಡಿ ಏನೆಲ್ಲಿದೆ ಎಂದು ತಿಳಿಯದೆ ಔಷಧಿ ಅಂಗಡಿಯವರ ಕುಡಿಯುವ ನೀರಿನ ಪೈಪು ಒಡೆದ. ಮತ್ತೆ ಮೇಸ್ತ್ರಿಯನ್ನೇ ಕರೆದರು, ಬೈಯುತ್ತಲೇ ಕರೆದರು. ಅವನು ಒಬ್ಬನೇ ಅಗೆಯುತ್ತಿದ್ದ, ಆದ್ದರಿಂದ ಕೆಲಸ ನಿಧಾನ. ತಂಗಿ ಆ ಕಡೆ ಬರಲಿಲ್ಲ. ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿ ಅವಳ ಮನೆಗೆ ತೆಗೆದುಕೊಂಡು ಹೋದರೆ ಡಬ್ಬಿ ಒಳಗೆ ಹೋಗುತ್ತಿತ್ತು, ಅವನನ್ನು ಒಳಗೆ ಕರೆಯುತ್ತಿರಲಿಲ್ಲ. “ಅತ್ತಿಗೆಗೆ ಚೆನ್ನಾಗಿತ್ತು ಅಂತ ಹೇಳು” ಎಂದಷ್ಟೇ.

ಅರ್ಧ ಬೀದಿಯಷ್ಟೇ ಮುಗಿದಿತ್ತು, ಮಳೆ ಬಂತು.

ಮಧ್ಯಾಹ್ನ ಕತ್ತಲೆ ಕವಿದು ಒಂದೇ ಸಮ ಹೊಡೆಯಿತು. ಮೇಸ್ತ್ರಿ ಅಭ್ಯಾಸಬಲದಿಂದ ಬಕೆಟ್ಟು, ಕಂಬಿ ತೆಗೆದುಕೊಂಡು, ಈ ಸಲ ಮಳೆ ನಿಲ್ಲುವ ಮೊದಲೇ ಕೆಳಗಿನ ಬೀದಿಗೆ ಓಡಿದ. ಅಂಗಡಿಯ ಬಾಗಿಲು ತೆರೆದಿತ್ತು. ಕತ್ತರಿಸುವ ಮೇಜಿನ ಮೇಲೆ ಹೊಸ ಸಮವಸ್ತ್ರಗಳ ಕಟ್ಟುಗಳು ಸೂರಿಗೆ ತಾಗುವಂತೆ ಪೇರಿಸಿದ್ದವು. ಎಲ್ಲವೂ ಮೇಜಿನ ಮೇಲೆ ಹಿಡಿದಿರಲಿಲ್ಲ, ಒಂದಷ್ಟು ಕುರ್ಚಿಗಳ ಮೇಲೆ, ಒಂದಷ್ಟು ಹಾಸಿಗೆಯ ಮೇಲೆ. ತಂಗಿ ಬಚ್ಚಲಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಳು.

ಅವನು ಕಂಬಿ ಹಿಡಿದು ಒಳಗೆ ಹೆಜ್ಜೆ ಇಟ್ಟ.

“ಅದನ್ನ ಆಚೆ ಇಡು,” ಎಂದಳು. “ಆ ಮಣೆ ಎಳ್ಕೊಂಡು ಕೂತ್ಕೋ.”

“ಬಕೆಟ್ಟಲ್ಲಿ ಎತ್ತಿ ಹಾಕ್ತೀನಿ ಕಣೇ, ಬರೋಕೆ ಮುಂಚೆ...”

“ಕೂತ್ಕೋ ಅಂದೆ. ಪ್ರತಿ ಸಲ ನೀರು ಇಳಿದ ಮೇಲೆ ಬಂದಿದೀಯ. ಬರೋದನ್ನ ಒಂದ್ಸಲಾನೂ ನೋಡಿಲ್ಲ. ನೋಡು.”

ಅವನು ಕೂತ. ಕಂಡಿಯ ಜಾಲರಿಯ ಕೆಳಗೆ ಗುಳುಗುಳು ಸದ್ದು. ಸದ್ದು ನಿಂತಿತು, ನಿಂತದ್ದು ಸದ್ದಿಗಿಂತ ಕೆಟ್ಟದಾಗಿತ್ತು. ಜಾಲರಿಯ ತೂತುಗಳಲ್ಲಿ ನೀರು ಕಪ್ಪಗೆ ಹೊಳೆಯಿತು. ಆಮೇಲೆ ಒಂದು ಗುಳ್ಳೆ, ಒಡೆಯಿತು. ವಾಸನೆ ಬಂತು. ನೀರು ಜಾಲರಿ ದಾಟಿ, ನೆಲದ ಮೇಲೆ ಅವಸರವಿಲ್ಲದೆ ಹರಡಿತು, ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ. ಅವನ ಹೆಬ್ಬೆರಳಿಗೆ ತಣ್ಣಗೆ ತಾಗಿತು. ಅವನು ಕಾಲು ಹಿಂದೆಳೆದ. ತಂಗಿ ಎಳೆದುಕೊಳ್ಳಲಿಲ್ಲ.

“ಈಗ ಇಲ್ಲಿ ಸೊಪ್ಪಿನ ದಂಟು ಬರುತ್ತೆ ನೋಡು. ಯಾರ್ ಮನೇಲಿ ಏನ್ ಅಡುಗೆ ಅಂತ ನಂಗೆ ಗೊತ್ತಾಗ್ತಿತ್ತು,” ಎಂದಳು.

ನೀರು ಹೊಸ್ತಿಲಿನ ಬುಡ ಮುಟ್ಟಿತು. ಹೊಸ್ತಿಲು ಬೆರಳೆತ್ತರದ ಕಲ್ಲು, ಅದರಾಚೆ ಅಂಗಡಿ. ಇಬ್ಬರೂ ಅದನ್ನೇ ನೋಡಿದರು. ನೀರು ಕಲ್ಲಿನ ಅರ್ಧಕ್ಕೆ ಏರಿತು. ಅಲ್ಲಿ ನಿಂತಿತು. ಹೊರಗೆ ಮಳೆ ಹಾಗೆಯೇ ಇತ್ತು, ನೀರೂ ಹಾಗೆಯೇ ಇತ್ತು. ತುಂಬ ಹೊತ್ತಿನ ಮೇಲೆ ಕಂಡಿ ಒಮ್ಮೆ ಗಂಟಲು ಸರಿಪಡಿಸಿಕೊಂಡಿತು, ನೆಲದ ಮೂಲೆಯ ಒಂದು ಕಲ್ಲು ಮತ್ತೆ ಕಾಣಿಸಿತು.

“ಇಳೀತಾ ಇದೆ,” ಎಂದ ಮೇಸ್ತ್ರಿ.

“ಕಾಣ್ತಾ ಇದೆ.”

“ಇನ್ನರ್ಧ ಬೀದಿ ಮುಗಿದ್ರೆ ಇಷ್ಟೂ ಬರಲ್ಲ.”

“ನಾಳೆ ಯಾರ್ ಮನೇದು?”

“ಮೇಷ್ಟ್ರದು.”

“ಅವ್ರ ಅಂಗಳ ದೊಡ್ಡದು. ಬೆಳಿಗ್ಗೆ ಬೇಗ ಹೋಗು.”

ಅವಳು ಎದ್ದು, ಒಂದು ಕುರ್ಚಿಯ ಮೇಲಿನ ಕಟ್ಟನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ನೋಡಿ, ಒಣಗಿಯೇ ಇದೆ ಎಂದು ಖಾತ್ರಿಯಾದ ಮೇಲೆ ಕೆಳಗಿಟ್ಟಳು. ಬಾಗಿಲ ಹಿಂದಿನಿಂದ ಪೊರಕೆ, ಫಿನಾಯಿಲ್ ಡಬ್ಬ ತಂದು ಅಣ್ಣನ ಕಾಲ ಬಳಿ ಇಟ್ಟಳು.

“ತೊಳಿ,” ಎಂದಳು. “ಮೂಲೆಗಳನ್ನ ಬಿಡ್ಬೇಡ.”

ಮೇಸ್ತ್ರಿ ಪ್ಯಾಂಟಿನ ಕಾಲು ಮಡಚಿದ.